ನಡೆಯಲಾರದವರ ಗಿರಿಯಾತ್ರೆ

ಅರಣ್ಯ, ಜಲಪಾತ, ಗಿರಿಶಿಖರ ಇವುಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯು ಕಾಲಿನ ಬಲವುಳ್ಳವರಿಗೆ ಮಾತ್ರ ಹುಟ್ಟುವದಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರಿಗೂ, ಊರುಗೋಲಿನ ಆಧಾರದಿಂದ ನಾಲ್ಕು ಹೆಜ್ಜೆ ಇಡುವವರಿಗೂ, ವೃದ್ಧಾಪ್ಯದಿಂದ ಮೊಣಕಾಲು ಸೋತವರಿಗೂ ಅದು ಉಂಟು. ಆದರೆ “ಅದು ನಿಮ್ಮಿಂದಾಗುವ ಕೆಲಸವಲ್ಲ” ಎಂಬ ಒಂದೇ ಮಾತಿನಿಂದ ಅವರನ್ನು ಮನೆಯಲ್ಲಿ ಬಿಟ್ಟು ಹೋಗುವದು ಲೋಕರೂಢಿಯಾಗಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದನ್ನು ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ದೃಷ್ಟಾಂತದಿಂದ ನಮ್ಮ ವಾಚಕರಿಗೆ ತಿಳಿಸಲು ಯತ್ನಿಸುತ್ತೇವೆ.

ಯೊಸೆಮಿಟಿಯು ಕ್ಯಾಲಿಫೋರ್ನಿಯಾ ಸಂಸ್ಥಾನದ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿದೆ. 1864ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಇಲ್ಲಿಯ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾದಿರಿಸುವ ಶಾಸನಕ್ಕೆ ಅಂಕಿತ ಹಾಕಿದರು. 1890ರಲ್ಲಿ ಸುತ್ತಲಿನ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರವು ಸುಮಾರು 1200 ಚದರ ಮೈಲು. ಇದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವು 1984ರಿಂದ ಶಾಸನಬದ್ಧವಾದ ವನ್ಯಭೂಮಿ. ಅಲ್ಲಿ ಮೋಟಾರು ವಾಹನಗಳು ಸಂಚರಿಸಕೂಡದು. ವರ್ನಲ್ ಜಲಪಾತದ ನೆತ್ತಿಗೇರುವವರು 600ಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳನ್ನು ಹತ್ತಬೇಕು. ಇಂಥ ಸ್ಥಳದಲ್ಲಿ ನಡೆಯಲಾರದವರಿಗೆ ಏನು ದೊರೆತೀತು ಎಂದು ಯಾರಾದರೂ ಕೇಳಬಹುದು.

ಉತ್ತರವು ಆ ಕಣಿವೆಯ ರಚನೆಯಲ್ಲಿಯೇ ಇದೆ. ಪೂರ್ವಕಾಲದಲ್ಲಿ ಹಿಮನದಿಗಳು ಈ ಕಣಿವೆಯನ್ನು ಕೊರೆದು ಆಳ ಮಾಡಿದವು. ಅವು ಕರಗಿ ಹಿಂಜರಿದ ಬಳಿಕ ನೀರು ತಂದ ಮಣ್ಣು ಮರಳುಗಳು ತಳದಲ್ಲಿ ತುಂಬಿ ನೆಲವು ಸಮತಟ್ಟಾಯಿತು. ಆದಕಾರಣ ಸುಮಾರು 7 ಮೈಲು ಉದ್ದದ ಈ ಚಪ್ಪಟೆಯಾದ ಬಯಲಿನಿಂದ 3000 ಅಡಿ ಎತ್ತರದ ಬಂಡೆಗೋಡೆಗಳು ನೆಟ್ಟಗೆ ಮೇಲೇಳುತ್ತವೆ. ಅವುಗಳ ಎತ್ತರವನ್ನು ಅರಿಯಲು ಬೆಟ್ಟ ಹತ್ತಬೇಕಾಗಿಲ್ಲ. ಬುಡದಲ್ಲಿ ಕುಳಿತು ತಲೆಯೆತ್ತಿದರೆ ಸಾಕು.

ಕಣಿವೆಯಲ್ಲಿ ಸಂಚರಿಸುವ ಉಚಿತ ಬಸ್ಸುಗಳಲ್ಲಿ ಗಾಲಿಕುರ್ಚಿಯನ್ನು ಏರಿಸುವ ಅನುಕೂಲವುಂಟು. ಒಟ್ಟು 2425 ಅಡಿಗಳಿಂದ ಇಳಿಯುವ ಯೊಸೆಮಿಟಿ ಜಲಪಾತದ ಕೆಳಭಾಗಕ್ಕೆ ಹೋಗುವ ದಾರಿಯ ಪೂರ್ವದ ಕವಲು ಗಾಲಿಕುರ್ಚಿಗೆ ಯೋಗ್ಯವಾಗಿದೆ. ಸಾಮಾನ್ಯ ವಾಹನಗಳಿಗೆ ಮುಚ್ಚಿದ ಮಿರರ್ ಸರೋವರದ ದಾರಿಯಲ್ಲಿ ಅಂಗವಿಕಲರ ಗುರುತುಚೀಟಿಯುಳ್ಳ ವಾಹನವು ನಿಧಾನವಾಗಿ ಸಾಗಬಹುದು. ಸಮುದ್ರಮಟ್ಟಕ್ಕಿಂತ 7200 ಅಡಿ ಮೇಲಿರುವ ಗ್ಲೇಸಿಯರ್ ಪಾಯಿಂಟಿಗೆ ಮೋಟಾರು ರಸ್ತೆಯೇ ಉಂಟು. ಆದರೆ ಚಳಿಗಾಲದಲ್ಲಿ ಅದು ಹಿಮದಿಂದ ಮುಚ್ಚಿರುವದು. ಮಾರಿಪೋಸ ವೃಕ್ಷವನದಲ್ಲಿ 2015ರಿಂದ 2018ರ ವರೆಗೆ ಜೀರ್ಣೋದ್ಧಾರ ನಡೆದು, ದೈತ್ಯವೃಕ್ಷಗಳ ನಡುವೆ ಮರದ ಹಲಗೆಗಳ ಹಾದಿಗಳಾದವು. ಬೇರುಗಳು ತುಳಿತಕ್ಕೆ ಸಿಕ್ಕದಂತೆ ಕಾಯುವ ಹಲಗೆಯೇ ಗಾಲಿಕುರ್ಚಿಯನ್ನೂ ಹೊರುತ್ತದೆ.

ಹಾಗಾದರೆ ವನ್ಯಭೂಮಿಯ ಒಳಗೆ ಹೇಗೆ? 1964ರ ವನ್ಯಭೂಮಿ ಶಾಸನವು ಅಲ್ಲಿ ಯಾಂತ್ರಿಕ ವಾಹನಗಳನ್ನು ನಿಷೇಧಿಸಿತು. ಗಾಲಿಕುರ್ಚಿಯೂ ಇದರೊಳಗೆ ಸೇರುವದೋ ಎಂಬ ಸಂಶಯವನ್ನು 1990ರ ಅಂಗವಿಕಲರ ಹಕ್ಕುಗಳ ಶಾಸನವು ಪರಿಹರಿಸಿತು. ಗಾಲಿಕುರ್ಚಿಯು ಅವಶ್ಯವಿದ್ದವರಿಗೆ ಅಲ್ಲಿ ಅದರ ಉಪಯೋಗವು ನಿಷಿದ್ಧವಲ್ಲ. ಆದರೆ ಅವರಿಗೋಸ್ಕರ ಕಾಡಿನ ಸ್ವರೂಪವನ್ನು ಬದಲಿಸುವ ಕರ್ತವ್ಯವೂ ಸರಕಾರಕ್ಕಿಲ್ಲ. ಅಂದರೆ ಬೆಟ್ಟವು ಬೆಟ್ಟವಾಗಿಯೇ ಉಳಿಯುವದು. ಬಾಗಿಲು ಮಾತ್ರ ತೆರೆದಿರುವದು.

ಆ ಬಾಗಿಲಿನಿಂದ ಎಷ್ಟು ದೂರ ಹೋಗಬಹುದೆಂಬದಕ್ಕೆ ಮಾರ್ಕ್ ವೆಲ್‌ಮನ್ ಎಂಬವರು ಸಾಕ್ಷಿ. 1982ರಲ್ಲಿ ಪರ್ವತದಿಂದ ಬಿದ್ದು ಕಾಲುಗಳ ಶಕ್ತಿಯನ್ನು ಕಳಕೊಂಡ ಇವರು ಮುಂದೆ ಯೊಸೆಮಿಟಿಯಲ್ಲಿಯೇ ಉದ್ಯಾನಪಾಲಕರಾದರು. 1989ರಲ್ಲಿ ಮೈಕ್ ಕಾರ್ಬೆಟ್ ಎಂಬ ಸ್ನೇಹಿತನು ಮುಂದಾಗಿ ಹತ್ತಿ ಹಗ್ಗ ಬಿಗಿಯಲು, ಇವರು ತೋಳುಗಳ ಬಲದಿಂದಲೇ ಗೇಣುಗೇಣಾಗಿ ಏರಿ, ಸುಮಾರು ಒಂದು ವಾರದಲ್ಲಿ ಎಲ್ ಕ್ಯಾಪಿಟನ್ ಎಂಬ 3000 ಅಡಿಯ ಬಂಡೆಯ ನೆತ್ತಿಯನ್ನು ಮುಟ್ಟಿದರು. ಎಲ್ಲರೂ ಹೀಗೆಯೇ ಮಾಡಬೇಕೆಂದು ನಾವು ಹೇಳುವದಿಲ್ಲ. ಒಬ್ಬರಿಗೆ ಬಂಡೆಯ ನೆತ್ತಿ, ಮತ್ತೊಬ್ಬರಿಗೆ ಹೊಳೆಯ ದಡ. ಎಲ್ಲಿಯ ವರೆಗೆ ಹೋಗಬೇಕೆಂಬದನ್ನು ಹೋಗುವವರೇ ನಿಶ್ಚಯಿಸಬೇಕು.

ಹಾಗೆ ನಿಶ್ಚಯಿಸಲು ಮುಖ್ಯವಾಗಿ ಬೇಕಾದದ್ದು ದಾರಿಯ ಸತ್ಯವಾದ ವರ್ಣನೆ. “ಸುಲಭವಾದ ದಾರಿ” ಎಂಬ ಮಾತಿನಿಂದ ಗಾಲಿಕುರ್ಚಿಯವರಿಗೆ ಪ್ರಯೋಜನವಿಲ್ಲ. ಯಾಕಂದರೆ ಒಂದೇ ಒಂದು ಮೆಟ್ಟಲು ಇಡೀ ದಾರಿಯನ್ನು ಕೆಡಿಸಬಲ್ಲದು. 2013ರಲ್ಲಿ ಅಮೆರಿಕದ ಸರಕಾರೀ ಭೂಮಿಗಳಿಗಾಗಿ ಪ್ರಕಟವಾದ ನಿಯಮಗಳ ಪ್ರಕಾರ, ಹೊಸ ಕಾಲ್ದಾರಿಯ ಮೊದಲಿನ ಫಲಕದಲ್ಲಿ ಅದರ ಉದ್ದ, ನೆಲದ ಬಗೆ, ಅಗಲ, ಏರಿಳಿತದ ಹಾಗೂ ಪಕ್ಕದ ಇಳಿಜಾರಿನ ಪ್ರಮಾಣ ಇವುಗಳನ್ನು ಬರೆಯಬೇಕು. ಅಂಕಿಗಳನ್ನು ಓದಿದವರು ತಮ್ಮ ಶಕ್ತಿಯನ್ನು ತಾವೇ ತೂಗಿ ನೋಡಬಹುದು. ಪರರ ಕನಿಕರದ ತೀರ್ಪನ್ನು ಕಾಯಬೇಕಾಗಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ನೀವು ಪ್ರವಾಸಕ್ಕೆ ಹೊರಡುವಾಗ ನಡೆಯಲಾರದ ಗೆಳತಿಯೊಬ್ಬಳು ನಿಮ್ಮ ತರಗತಿಯಲ್ಲಿ ಇರಬಹುದು. ಆಕೆಯಿಂದ ಆಗದೆಂದು ನೀವಾಗಿ ತೀರ್ಮಾನಿಸಬೇಡಿರಿ. ಮೆಟ್ಟಲುಗಳೆಷ್ಟು, ನೆಲವೆಂಥದು, ವಾಹನವು ಎಲ್ಲಿಯ ವರೆಗೆ ಹೋಗುವದು, ಶೌಚಗೃಹದ ಬಾಗಿಲು ಎಷ್ಟು ಅಗಲ ಎಂಬದನ್ನು ಮೊದಲೇ ವಿಚಾರಿಸಿ ಆಕೆಗೆ ತಿಳಿಸಿರಿ. ಬರುವೆನೋ ಇಲ್ಲವೋ ಎಂಬದನ್ನು ಆಕೆಯೇ ಹೇಳಲಿ.