ಬೆಟ್ಟ ಹತ್ತುವ ವಿದ್ಯುತ್ ಸೈಕಲ್ – ಮೋಟಾರು ಎಲ್ಲಿರಬೇಕು?

ಸೈಕಲ್ ತುಳಿದು ಏರುದಾರಿ ಹತ್ತಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಉರುಳುವ ಸೈಕಲ್, ದಿಬ್ಬ ಎದುರಾದೊಡನೆ ಭಾರವೆನಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬರುತ್ತದೆ. ಒಂದು ವಿದ್ಯುತ್ ಮೋಟಾರನ್ನು ಜೋಡಿಸಿದರೆ ಕಷ್ಟ ಪರಿಹಾರವಾಯಿತು ಎಂದು ನಿಮಗೆ ತೋರಬಹುದು. ಆದರೆ 250 ವಾಟ್ ಎಂದೇ ಬರೆದಿರುವ ಎರಡು ಸೈಕಲ್‌ಗಳಲ್ಲಿ ಒಂದು ಕಡಿದಾದ ಏರನ್ನು ಸಲೀಸಾಗಿ ಹತ್ತಬಹುದು, ಇನ್ನೊಂದರ ಮೋಟಾರು ಅರ್ಧ ದಾರಿಯಲ್ಲೇ ಕೈಸುಡುವಷ್ಟು ಬಿಸಿಯಾಗಬಹುದು. ಮೋಟಾರು ಎಲ್ಲಿ ಕುಳಿತಿದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಮಲೆನಾಡಿನಲ್ಲೋ ಬೆಟ್ಟದ ತಪ್ಪಲಿನಲ್ಲೋ ಇರುವವರು ಹಣ ತೆರುವ ಮೊದಲು ತಿಳಿದಿರಬೇಕಾದ ಸಂಗತಿ ಇದು. ಅರ್ಥಮಾಡಿಕೊಳ್ಳಲು ಪ್ರೌಢಶಾಲೆಯ ಭೌತವಿಜ್ಞಾನ ಸಾಕು.

ಎರಡು ಸ್ಥಾನಗಳು

ವಿದ್ಯುತ್ ಸೈಕಲ್‌ಗಳಲ್ಲಿ ಮೋಟಾರಿಗೆ ಮುಖ್ಯವಾಗಿ ಎರಡು ಸ್ಥಾನಗಳುಂಟು. ಮೊದಲನೆಯದು ಚಕ್ರದ ಗುಂಬ. ಇದು ಹಬ್ ಮೋಟಾರು. ಚಕ್ರವನ್ನು ನೇರವಾಗಿ ತಿರುಗಿಸುತ್ತದೆ. ಎರಡನೆಯದು ಪೆಡಲ್‌ಗಳ ನಡುವಿನ ಅಚ್ಚು. ಇದನ್ನು ಮಿಡ್-ಡ್ರೈವ್ ಅಥವಾ ಮಧ್ಯಚಾಲಿತ ಮೋಟಾರು ಎನ್ನುತ್ತಾರೆ. ಇಲ್ಲಿ ಮೋಟಾರಿನ ಬಲವೂ ನಿಮ್ಮ ಕಾಲಿನ ಬಲವೂ ಒಂದೇ ಹಲ್ಲುಚಕ್ರದಲ್ಲಿ ಕೂಡಿಕೊಂಡು, ಸರಪಳಿಯ ಮೂಲಕ ಹಿಂದಿನ ಗಿಯರುಗಳಿಗೆ ಹೋಗುತ್ತವೆ.

ಎರಡೂ ಹಳೆಯ ಕಲ್ಪನೆಗಳೇ. ಅಮೆರಿಕದಲ್ಲಿ 1895ರಲ್ಲಿ ಆಗ್ಡನ್ ಬೋಲ್ಟನ್ ಎಂಬಾತ ಹಿಂಚಕ್ರದ ಗುಂಬದಲ್ಲಿ ಮೋಟಾರುಳ್ಳ ಸೈಕಲ್‌ಗೆ ಪೇಟೆಂಟ್ ಪಡೆದ. 1897ರಲ್ಲಿ ಬಾಸ್ಟನ್ನಿನ ಹೊಸಿಯಾ ಲಿಬ್ಬೀ, ಪೆಡಲ್ ಅಚ್ಚಿನ ಜಾಗದಲ್ಲಿ ಮೋಟಾರು ಇರಿಸಿದ ಸೈಕಲ್‌ಗೆ ಪೇಟೆಂಟ್ ಪಡೆದ. ಆದರೆ ಹಗುರವಾದ ಬ್ಯಾಟರಿಯಾಗಲಿ ಎಲೆಕ್ಟ್ರಾನಿಕ್ ನಿಯಂತ್ರಣವಾಗಲಿ ಆಗ ಇರಲಿಲ್ಲ. ತುಳಿಯುವ ಬಲವನ್ನು ಅಳೆದು ಅದಕ್ಕೆ ತಕ್ಕಂತೆ ನೆರವು ನೀಡುವ ಸೈಕಲ್ಲನ್ನು ಜಪಾನಿನ ಯಮಾಹಾ ಸಂಸ್ಥೆ 1993ರಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನ ಪರ್ವತ ಸೈಕಲ್‌ಗಳು ಇದೇ ದಾರಿಯಲ್ಲಿ ಬೆಳೆದವು.

ಏರಿನ ಲೆಕ್ಕ

ಸವಾರ 75 ಕಿ.ಗ್ರಾಂ, ಸೈಕಲ್ 25 ಕಿ.ಗ್ರಾಂ, ಒಟ್ಟು 100 ಕಿ.ಗ್ರಾಂ ಎಂದಿಟ್ಟುಕೊಳ್ಳಿ. ದಾರಿ 10 ಮೀಟರಿಗೆ 1 ಮೀಟರ್ ಏರುತ್ತಿದೆ. ಗುರುತ್ವದ ವಿರುದ್ಧ ಬೇಕಾದ ಬಲ 100 × 9.8 × 0.1, ಅಂದರೆ 98 ನ್ಯೂಟನ್. ಕಲ್ಲುಮಣ್ಣಿನ ಹಾದಿಯಲ್ಲಿ ಟೈರುಗಳ ಉರುಳು ಘರ್ಷಣೆಗೆಂದು ಇನ್ನು 20 ನ್ಯೂಟನ್ ಸೇರಿಸಿದರೆ ಸುಮಾರು 120 ನ್ಯೂಟನ್ ಆಯಿತು. ಗಂಟೆಗೆ 8 ಕಿ.ಮೀ., ಅಂದರೆ ಸೆಕೆಂಡಿಗೆ 2.2 ಮೀಟರ್ ಜವದಲ್ಲಿ ಹತ್ತಲು ಬೇಕಾಗುವ ಸಾಮರ್ಥ್ಯ ಸುಮಾರು 265 ವಾಟ್. ಅಭ್ಯಾಸವಿಲ್ಲದ ಸಾಮಾನ್ಯ ಸವಾರ ಇಷ್ಟನ್ನು ಬಹಳ ಹೊತ್ತು ಕೊಡಲಾರ. ಮೋಟಾರು ಮೂರನೇ ಎರಡು ಪಾಲು, ಅಂದರೆ ಸುಮಾರು 180 ವಾಟ್ ಹೊತ್ತುಕೊಂಡರೆ, ನಿಮ್ಮ ಪಾಲಿಗೆ ಉಳಿಯುವುದು 85 ವಾಟ್. ಇದು ಆರಾಮದ ತುಳಿತ.

ಈಗ ಮೋಟಾರಿನ ಕಡೆಯಿಂದ ನೋಡೋಣ. ಪರ್ವತ ಸೈಕಲ್ಲಿನ ದೊಡ್ಡ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 25 ಕಿ.ಮೀ. ಜವದಲ್ಲಿ ಅದು ನಿಮಿಷಕ್ಕೆ ಸುಮಾರು 180 ಸುತ್ತು ತಿರುಗುತ್ತದೆ, 8 ಕಿ.ಮೀ. ಜವದಲ್ಲಿ ಸುಮಾರು 58 ಸುತ್ತು ಮಾತ್ರ. ಹಬ್ ಮೋಟಾರು ಚಕ್ರಕ್ಕೆ ಕಟ್ಟುಬಿದ್ದದ್ದು. ಅದರೊಳಗೆ ಗಿಯರು ಇದ್ದರೂ ಅನುಪಾತ ಒಂದೇ ಆದ್ದರಿಂದ, ಏರಿನಲ್ಲಿ ಅದೂ ಮೂರನೇ ಒಂದರಷ್ಟು ಜವಕ್ಕೆ ಇಳಿಯುತ್ತದೆ.

ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ಕೋನೀಯ ಜವಗಳ ಗುಣಲಬ್ಧ. ಜವ ಮೂರನೇ ಒಂದಾದರೆ, ಅದೇ 180 ವಾಟ್ ಕೊಡಲು ಮೂರು ಪಟ್ಟು ಟಾರ್ಕ್ ಬೇಕು. ಚಕ್ರದ ಬಳಿ 10 ನ್ಯೂಟನ್-ಮೀಟರ್ ಸಾಕಾಗುತ್ತಿದ್ದ ಕಡೆ 30 ಬೇಕಾಗುತ್ತದೆ. ಶಾಶ್ವತ ಕಾಂತವುಳ್ಳ ಮೋಟಾರಿನಲ್ಲಿ ಟಾರ್ಕ್ ವಿದ್ಯುತ್ ಪ್ರವಾಹಕ್ಕೆ ಅನುಪಾತೀಯ; ಹಾಗಾಗಿ ಪ್ರವಾಹವೂ ಮೂರು ಪಟ್ಟು. ಸುರುಳಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗಕ್ಕೆ ಅನುಪಾತೀಯ. ಆದ್ದರಿಂದ ಶಾಖ ಒಂಬತ್ತು ಪಟ್ಟು! ಸಮತಟ್ಟು ರಸ್ತೆಯಲ್ಲಿ ಸುರುಳಿ 20 ವಾಟ್ ಶಾಖ ಉಂಟುಮಾಡುತ್ತಿದ್ದರೆ ಏರಿನಲ್ಲಿ 180 ವಾಟ್ ಉಂಟುಮಾಡುತ್ತದೆ. ಬ್ಯಾಟರಿ ಒದಗಿಸಿದ ಶಕ್ತಿಯಲ್ಲಿ ಅರ್ಧ ಭಾಗ ಬರೀ ಬಿಸಿಯಾಗಿ ಹೋಯಿತು. ಜವ ಕಡಿಮೆ ಇರುವುದರಿಂದ ತಂಪುಗೊಳಿಸುವ ಗಾಳಿಯೂ ಕಡಿಮೆ.

ಗಿಯರಿನ ಪಾತ್ರ

ಮಧ್ಯಚಾಲಿತ ಮೋಟಾರಿಗೆ ಈ ತೊಂದರೆ ಇಲ್ಲ. ಮುಂದಿನ ಹಲ್ಲುಚಕ್ರದಲ್ಲಿ 32 ಹಲ್ಲು, ಹಿಂದೆ 12ರಿಂದ 48 ಹಲ್ಲುಗಳವರೆಗಿನ ಚಕ್ರಗಳ ಸಾಲು ಇದೆ ಎನ್ನೋಣ. ಸಮತಟ್ಟಿನಲ್ಲಿ 25 ಕಿ.ಮೀ. ಜವಕ್ಕೆ 12 ಹಲ್ಲಿನ ಚಕ್ರ ಬಳಸಿದರೆ ಪೆಡಲ್ ನಿಮಿಷಕ್ಕೆ 68 ಸುತ್ತು ತಿರುಗುತ್ತದೆ. ಏರಿನಲ್ಲಿ 8 ಕಿ.ಮೀ. ಜವಕ್ಕೆ 48 ಹಲ್ಲಿನ ಚಕ್ರ ಬಳಸಿದರೆ 87 ಸುತ್ತು. ಚಕ್ರದ ಜವ ಮೂರನೇ ಒಂದಕ್ಕೆ ಇಳಿದರೂ ಪೆಡಲಿನ ಜವ ಕುಗ್ಗಲಿಲ್ಲ, ಮೋಟಾರಿನದೂ ಕುಗ್ಗಲಿಲ್ಲ. ಮೋಟಾರು ತನಗೆ ಹಿತವಾದ ಜವದಲ್ಲೇ ಕೆಲಸಮಾಡುತ್ತದೆ. ಚಕ್ರಕ್ಕೆ ಬೇಕಾದ ಹೆಚ್ಚಿನ ಟಾರ್ಕನ್ನು ಗಿಯರು ಒದಗಿಸುತ್ತದೆ. ಕಾಲಿಗೂ ಮೋಟಾರಿಗೂ ಒಂದೇ ಬಗೆಯ ಕಷ್ಟ, ಒಂದೇ ಬಗೆಯ ಪರಿಹಾರ.

ಆದರೆ ಈ ಲಾಭ ತಾನಾಗಿ ಬರುವುದಿಲ್ಲ. ಸವಾರ ಗಿಯರು ಬದಲಾಯಿಸಬೇಕು. 12 ಹಲ್ಲಿನ ಚಕ್ರದಲ್ಲೇ ದಿಬ್ಬ ಹತ್ತಲು ಹೊರಟರೆ ಮಧ್ಯದ ಮೋಟಾರು ಕೂಡ ಹಬ್ ಮೋಟಾರಿನಂತೆಯೇ ಬಳಲುತ್ತದೆ. ಏರು ಶುರುವಾಗುವ ಮೊದಲೇ ದೊಡ್ಡ ಹಿಂಚಕ್ರಕ್ಕೆ ಬದಲಾಯಿಸಿಕೊಳ್ಳುವುದು, ನಿಮಿಷಕ್ಕೆ 70ರಿಂದ 90 ಸುತ್ತು ತುಳಿಯುವುದು – ಇವು ಸವಾರ ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು.

ಮೋಟಾರಿಗೆ ನಿಮ್ಮ ಇಂಗಿತ ತಿಳಿಯುವುದು ಹೇಗೆ? ಪೆಡಲ್ ಅಚ್ಚಿನಲ್ಲಿರುವ ಸಂವೇದಕವೊಂದು ತುಳಿತದಿಂದ ಲೋಹದಲ್ಲಾಗುವ ಅತಿಸೂಕ್ಷ್ಮ ತಿರುಚನ್ನು ಗ್ರಹಿಸುತ್ತದೆ. ಮತ್ತೊಂದು ಪೆಡಲಿನ ಸುತ್ತುಗಳನ್ನು, ಮೂರನೆಯದು ಚಕ್ರದ ಜವವನ್ನು ಅಳೆಯುತ್ತವೆ. ನಿಯಂತ್ರಕವು ಈ ಮೂರನ್ನೂ ಸೆಕೆಂಡಿಗೆ ಹಲವು ಬಾರಿ ಪರಿಶೀಲಿಸಿ ನೆರವನ್ನು ಹೊಂದಿಸುತ್ತದೆ. ನೀವು ಮೆಲ್ಲಗೆ ತುಳಿದರೆ ಅದೂ ಮೆಲ್ಲಗೆ. ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಬ್ಯಾಟರಿ ಎಷ್ಟು ದೂರ?

ಸಾಮಾನ್ಯವಾಗಿ ಕಾಣುವ 36 ವೋಲ್ಟಿನ ಬ್ಯಾಟರಿಯಲ್ಲಿ ತಲಾ 3.6 ವೋಲ್ಟಿನ ಹತ್ತು ಲಿಥಿಯಮ್-ಅಯಾನು ಕೋಶಗಳು ಸರಣಿಯಲ್ಲಿರುತ್ತವೆ. ಅಂಥ ನಾಲ್ಕು ಸಾಲುಗಳು ಸಮಾಂತರವಾಗಿದ್ದು ಒಟ್ಟು 14 ಆಂಪೇರ್-ಗಂಟೆ ದೊರೆತರೆ, ಶಕ್ತಿ ಸುಮಾರು 500 ವಾಟ್-ಗಂಟೆ.

ಮೈಸೂರು ನಗರಕ್ಕಿಂತ ಚಾಮುಂಡಿ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಷ್ಟೇ ಎತ್ತರಕ್ಕೆ, ಮೇಲೆ ಹೇಳಿದ 10ಕ್ಕೆ 1ರ ಕಚ್ಚಾ ಹಾದಿಯೊಂದು ಹೋಗುತ್ತದೆ ಎಂದು ಊಹಿಸಿ. ಹಾದಿಯ ಉದ್ದ 3 ಕಿ.ಮೀ.; ಒಟ್ಟು ಕೆಲಸ ಸುಮಾರು 98 ವಾಟ್-ಗಂಟೆ. ಮೋಟಾರಿನ ಪಾಲು 65. ದಕ್ಷತೆ ಮುಕ್ಕಾಲು ಪಾಲು ಎಂದರೆ ಬ್ಯಾಟರಿಯಿಂದ ಸುಮಾರು 87 ವಾಟ್-ಗಂಟೆ ಖರ್ಚು. ಅಂದರೆ ಒಂದು ಚಾರ್ಜಿಗೆ ಐದು ಬಾರಿ ಹತ್ತಿ, ಮೇಲೆ ಸ್ವಲ್ಪ ಉಳಿಯುತ್ತದೆ. ಕಿಲೋಮೀಟರಿನ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಬೆಟ್ಟದ ಸವಾರನಿಗೆ ಹೆಚ್ಚು ಉಪಯುಕ್ತ.

ಇಳಿಯುವಾಗ ಈ ಶಕ್ತಿಯನ್ನು ಬ್ಯಾಟರಿಗೆ ಮರಳಿ ತುಂಬಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಿಂಚಕ್ರದಲ್ಲಿ ಫ್ರೀವೀಲ್ ಇರುವುದರಿಂದ ಇಳಿಜಾರಿನಲ್ಲಿ ಚಕ್ರ ತಿರುಗಿದರೂ ಸರಪಳಿ ತಿರುಗುವುದಿಲ್ಲ. ಮಧ್ಯದ ಮೋಟಾರು ಜನರೇಟರ್ ಆಗಲಾರದು. ಗಿಯರಿಲ್ಲದ ಹಬ್ ಮೋಟಾರಿಗೆ ಮಾತ್ರ ಇದು ಸುಲಭ. ಹಾಗಾಗಿ 300 ಮೀಟರ್ ಇಳಿತದ 2,94,000 ಜೌಲ್ ಶಕ್ತಿಯಲ್ಲಿ ಬಹುಪಾಲು ಬ್ರೇಕಿನ ಉಕ್ಕಿನ ತಟ್ಟೆಗಳಲ್ಲಿ ಶಾಖವಾಗುತ್ತದೆ. ಎರಡು ತಟ್ಟೆಗಳ ತೂಕ ಸುಮಾರು 300 ಗ್ರಾಂ ಎಂದುಕೊಂಡು, ಗಾಳಿ ತಂಪುಮಾಡದಿದ್ದರೆ ಉಷ್ಣತೆ ಎಷ್ಟು ಏರೀತು ಎಂದು ಲೆಕ್ಕಹಾಕಿ. ಉಕ್ಕು ಕರಗುವ ಮಟ್ಟಕ್ಕೆ ಬರುತ್ತದೆ! ಗಾಳಿಯೇ ನಮ್ಮನ್ನು ಕಾಯುತ್ತದೆ. ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ಎರಡನ್ನೂ ಆಗಾಗ ಒತ್ತಿ ಬಿಡುತ್ತ ಇಳಿಯಿರಿ.

ಇಟ್ಟುಕೊಂಡವರು ಗಮನಿಸಬೇಕಾದ್ದು

ಮಧ್ಯಚಾಲಿತ ಸೈಕಲ್ಲಿನ ಅನುಕೂಲಕ್ಕೆ ಬೆಲೆ ತೆರುವುದು ಸರಪಳಿ. ಕಾಲು ಮತ್ತು ಮೋಟಾರು ಎರಡರ ಬಲವೂ ಅದರ ಮೇಲೆ ಬೀಳುತ್ತದೆ. ಗಿಯರು ಬದಲಾಯಿಸುವ ಕ್ಷಣದಲ್ಲಿ ತುಳಿತವನ್ನು ಸಡಿಲಿಸಿ, ಮೋಟಾರೂ ಸಡಿಲಿಸುತ್ತದೆ. ಸರಪಳಿಯ ಸವೆತವನ್ನು ಅಳತೆಪಟ್ಟಿಯಿಂದಲೇ ಅಳೆಯಬಹುದು. ಎರಡು ಪಕ್ಕದ ಗೂಟಗಳ ಅಂತರ 12.7 ಮಿ.ಮೀ.; ಅಂಥ 24 ಅಂತರಗಳು 304.8 ಮಿ.ಮೀ. ಇರಬೇಕು. ಇದು ಒಂದೂವರೆ ಮಿ.ಮೀ. ಹೆಚ್ಚಿದ್ದರೆ ಸರಪಳಿ ಬದಲಾಯಿಸಿ. ಇಲ್ಲವಾದರೆ ದುಬಾರಿಯಾದ ಹಲ್ಲುಚಕ್ರಗಳೂ ಸವೆಯುತ್ತವೆ.

ಬ್ಯಾಟರಿಯನ್ನು ಬಹುಕಾಲ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿಡಿ. ಅದಕ್ಕೆಂದೇ ಕೊಟ್ಟ ಚಾರ್ಜರನ್ನು ಮಾತ್ರ ಬಳಸಿ. ಬಿದ್ದು ಜಜ್ಜಿದ ಅಥವಾ ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು. ಒಳಗೆ ಹ್ರಸ್ವಮಂಡಲವಾದರೆ ಹೊತ್ತಿಕೊಳ್ಳುವ ಬೆಂಕಿ ಸುಲಭವಾಗಿ ಆರುವಂಥದ್ದಲ್ಲ. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಡಬೇಡಿ.

ಕೊನೆಯದಾಗಿ ಜವದ ಮಿತಿ. ನಮ್ಮ ದೇಶದ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಸಾಮರ್ಥ್ಯ 250 ವಾಟ್‌ಗಿಂತ ಕಡಿಮೆ ಇದ್ದು, ನೆರವು 25 ಕಿ.ಮೀ. ಜವದಲ್ಲಿ ನಿಂತರೆ ಅಂಥ ಸೈಕಲ್ ಮೋಟಾರು ವಾಹನ ಎನಿಸದು. ಐರೋಪ್ಯ ಒಕ್ಕೂಟದ ಮಿತಿಯೂ ಹೆಚ್ಚುಕಡಿಮೆ ಇದೇ. ಕೆಲವರು ಈ ಮಿತಿಯನ್ನು ಕಳಚಿಹಾಕುತ್ತಾರೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ಜವದ ಘನಕ್ಕೆ ಅನುಪಾತೀಯ. 25ರಲ್ಲಿ 100 ವಾಟ್ ಸಾಕಾದರೆ 45ರಲ್ಲಿ 580 ವಾಟ್ ಮೀರುತ್ತದೆ. ಬ್ಯಾಟರಿ ಬೇಗ ಬರಿದಾಗುತ್ತದೆ, ಬ್ರೇಕುಗಳ ಮೇಲಿನ ಹೊರೆ ಮೂರು ಪಟ್ಟು ಮೀರುತ್ತದೆ, ಸೈಕಲ್ ಕಾನೂನಿನ ರಕ್ಷಣೆಯನ್ನೂ ಕಳೆದುಕೊಳ್ಳುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ನಿಮ್ಮ ದಾರಿ ಸಮತಟ್ಟಾಗಿದ್ದರೆ ಸರಳವೂ ಅಗ್ಗವೂ ಆದ ಹಬ್ ಮೋಟಾರು ಸಾಕು. ಏರುಗಳೇ ಹೆಚ್ಚಿದ್ದರೆ ಮಧ್ಯಚಾಲಿತ ಮೋಟಾರು ತಕ್ಕದ್ದು. ಅಂಗಡಿಗೆ ಹೋಗುವ ಮೊದಲು ನಿಮ್ಮ ದಾರಿಯ ಅತಿ ಕಡಿದಾದ 100 ಮೀಟರನ್ನು ಅಳೆಯಿರಿ, ಎಷ್ಟು ಏರುತ್ತದೆಂದು ನೋಡಿ, ಮೇಲಿನ ಲೆಕ್ಕವನ್ನು ನಿಮ್ಮ ತೂಕ ಹಾಕಿ ಮತ್ತೆ ಮಾಡಿ. ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೂ ಮಾಡಿಸಬಹುದು. ಬಲ, ಟಾರ್ಕ್, ಸಾಮರ್ಥ್ಯ, ವಿದ್ಯುತ್ತಿನ ಶಾಖ ಪರಿಣಾಮ – ನಾಲ್ಕು ಪಾಠಗಳು ಒಂದೇ ಸೈಕಲ್ಲಿನಲ್ಲಿ ಸಿಗುತ್ತವೆ.