ಇಂಗ್ಲೆಂಡಿನ ಹುಲ್ಲುಚಾವಣಿಯ ಮನೆಗಳು

ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮರದ ಚೌಕಟ್ಟು, ಮಣ್ಣಿನ ಗೋಡೆ, ದಪ್ಪನೆಯ ಹುಲ್ಲಿನ ಚಾವಣಿಗಳುಳ್ಳ ಪುಟ್ಟ ಮನೆಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವು 500 ವರ್ಷಗಳಿಗೂ ಹಿಂದಿನವು. ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಮಳೆ ಬೀಳುವ ನಾಡಿನಲ್ಲಿ, ಮಳೆಗೆ ಕೊಳೆಯುವ ವಸ್ತುಗಳಿಂದಲೇ ಕಟ್ಟಿದ ಮನೆ ಇಷ್ಟು ಕಾಲ ಉಳಿದುದು ಹೇಗೆ?

ಈ ಮನೆಗಳಲ್ಲಿ ಗೋಡೆಯು ಚಾವಣಿಯನ್ನು ಹೊರುವುದಿಲ್ಲ. ಭಾರವೆಲ್ಲವೂ ಓಕ್ ಮರದ ತೊಲೆ ಕಂಬಗಳ ಮೂಲಕ ಇಳಿದು ತಳದ ಕಲ್ಲುಗಳನ್ನು ಸೇರುತ್ತದೆ. ಒಣಗಿದ ಓಕ್ ಬಹು ಗಡಸಾದುದರಿಂದ ಬಡಗಿಗಳು ಅದನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಂದು ತೊಲೆಯ ತುದಿಯ ನಾಲಗೆಯನ್ನು ಇನ್ನೊಂದರ ಕುಳಿಯಲ್ಲಿ ಕೂರಿಸಿ, ಎರಡಕ್ಕೂ ತೂತು ಕೊರೆದು, ಮರದ ಮೊಳೆಯನ್ನು ಬಡಿಯುತ್ತಿದ್ದರು. ಆ ತೂತುಗಳನ್ನು ಒಂದಕ್ಕೊಂದು ತುಸು ಸರಿಸಿಯೇ ಕೊರೆಯುತ್ತಿದ್ದುದರಿಂದ ಮೊಳೆಯು ಸಂದನ್ನು ಎಳೆದು ಬಿಗಿಯುತ್ತಿತ್ತು. ಮನೆ ಎದ್ದು ನಿಂತ ಮೇಲೆ ಮರವು ವರ್ಷಗಟ್ಟಲೆ ಒಣಗುತ್ತ, ಕುಗ್ಗುತ್ತ, ತಿರುಚಿಕೊಳ್ಳುತ್ತಿತ್ತು. ನೋಡುವವರು ಮುಪ್ಪಿನ ಗುರುತೆಂದು ಬಗೆಯುವ ಸೊಟ್ಟಗಳಲ್ಲಿ ಎಷ್ಟೋ ಮನೆಯ ಎಳವೆಯಲ್ಲಿಯೇ ಬಂದವು!

ಕಂಬಗಳ ನಡುವಣ ತೆರವಿನಲ್ಲಿ ಹೇಸೆಲ್ ಗಿಡದ ಕಡ್ಡಿಗಳನ್ನು ತಡಿಕೆಯಂತೆ ಹೆಣೆದು, ಮಣ್ಣು, ಸೆಗಣಿ, ಹುಲ್ಲುಗಳ ಮಿಶ್ರಣವನ್ನು ಎರಡು ಬದಿಗೂ ಮೆತ್ತಿ, ಸುಣ್ಣ ಬಳಿಯುವುದು ವಾಡಿಕೆ. ಇಂಥ ಗೋಡೆ ಮಳೆಯಲ್ಲಿ ಒಂದಿಷ್ಟು ನೀರನ್ನು ಹೀರುತ್ತದೆ. ಗಾಳಿ ಬಿಸಿಲುಗಳಿಗೆ ಅದನ್ನು ಹಾಗೆಯೇ ಬಿಟ್ಟುಕೊಡುತ್ತದೆ. 20ನೆಯ ಶತಮಾನದಲ್ಲಿ ಅನೇಕರು ಮನೆಗೆ ರಕ್ಷಣೆಯಾಗಲೆಂದು ಸಿಮೆಂಟಿನ ಗಾರೆಯನ್ನು ಹೊದಿಸಿದರು. ಮರವು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಗಡುಸಾದ ಗಾರೆ ಅದರೊಡನೆ ಬಾಗಲಾರದೆ ಬಿರಿಯುತ್ತದೆ. ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಶತಮಾನಗಳ ಮಳೆಗೆ ಜಗ್ಗದ ಓಕ್ ಮರ ಆ ಗಾರೆಯ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಕೆಲವೇ ದಶಕಗಳಲ್ಲಿ ಕೊಳೆತುಹೋಗಬಲ್ಲದು. ಈಗ ಮನೆಗಳನ್ನು ದುರಸ್ತಿ ಮಾಡುವವರು ಸಿಮೆಂಟನ್ನು ಕಿತ್ತು ಮರಳಿ ಸುಣ್ಣವನ್ನೇ ಹಚ್ಚುತ್ತಿದ್ದಾರೆ.

ಚಾವಣಿಯ ಇಳಿಜಾರು ಸುಮಾರು 50 ಡಿಗ್ರಿಯಷ್ಟು ಕಡಿದು. ಹನಿಗಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಜಾರುತ್ತ ಕೆಳಗಿಳಿಯುವುದರಿಂದ ಹುಲ್ಲು ಮೇಲ್ಮೈಯಲ್ಲಿ ಕೆಲವೇ ಸೆಂಟಿಮೀಟರ್ ಆಳ ನೆನೆಯುತ್ತದೆ. ನೀರಿನ ದೋಣಿಗಳಿಲ್ಲ, ಮುಂಚಾಚಿದ ಸೂರಂಚೇ ನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುತ್ತದೆ. ಹುಲ್ಲು ಹೊದಿಸುವವರು ಕೊಳೆತ ಮೇಲ್ಪದರವನ್ನಷ್ಟೇ ತೆಗೆದು ಹೊಸತನ್ನು ಹಾಸುವ ರೂಢಿಯಿದ್ದುದರಿಂದ, ಡೆವನ್ ಪ್ರಾಂತದ ಕೆಲವು ಮನೆಗಳಲ್ಲಿ ಅಡಿಯ ಪದರವು ಮಧ್ಯಯುಗದ್ದೇ ಆಗಿ ಉಳಿದಿದೆ. ಆಗಿನ ಮನೆಗಳಿಗೆ ಹೊಗೆಗೂಡಿರಲಿಲ್ಲ. ನಡುಮನೆಯ ನೆಲದ ಮೇಲೆ ಉರಿಯುತ್ತಿದ್ದ ಬೆಂಕಿಯ ಹೊಗೆ ಆ ಹುಲ್ಲಿಗೆ ಮಸಿ ಹಿಡಿಸಿತು. ಮಸಿ ಹಿಡಿದ ಈ ಕಸದಲ್ಲಿ ಸಸ್ಯವಿಜ್ಞಾನಿಗಳು ಗೋಧಿ, ರೈ ಮೊದಲಾದ ಪೈರುಗಳ ತೆನೆಗಳನ್ನೂ ಅವುಗಳ ನಡುವೆ ಬೆಳೆದಿದ್ದ ಕಳೆಗಳನ್ನೂ ಗುರುತಿಸಿದ್ದಾರೆ. ಅವುಗಳಲ್ಲಿನ ಹಲವು ತಳಿಗಳು ಇಂಗ್ಲೆಂಡಿನ ಹೊಲಗಳಿಂದ ಎಂದೋ ಮರೆಯಾದವು.