ಪ್ರೀತಿಯನ್ನು ಬಿಟ್ಟುಬಿಟ್ಟ ಪದ

ಮೈಸೂರು ನಿಘಂಟುಗಳ ಊರು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದದ್ದು ಇಲ್ಲಿಂದ. 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನ ಇರುವುದೂ ಇಲ್ಲೇ, ಮಾನಸಗಂಗೋತ್ರಿಯಲ್ಲಿ. ಈ ಊರಿನ ಹುಡುಗನೊಬ್ಬ ತನಗೆ ಹುಡುಗರ ಮೇಲೆ ಒಲವೆಂದು ಮನೆಯಲ್ಲಿ ಹೇಳಹೊರಟರೆ ಮೊದಲು ಸಿಗುವ ಪದ 'ಸಲಿಂಗಕಾಮಿ'. ಅಪ್ಪ-ಅಮ್ಮನ ಮುಂದೆ ಆಡಲಾಗದ ಪದ.

'ಕಾಮ' ಪುರುಷಾರ್ಥಗಳಲ್ಲೊಂದು, ನಿಜ. ಆದರೆ ಇಂದಿನ ಕನ್ನಡದಲ್ಲಿ ಅದು ಹೆಚ್ಚಾಗಿ ಬದುಕಿರುವುದು ಕಾಮುಕ, ಕಾಮಾಂಧ ಎಂಬ ಅಪರಾಧ ಸುದ್ದಿಯ ಪದಗಳಲ್ಲಿ. ಗಂಡು-ಹೆಣ್ಣು ಮೆಚ್ಚಿ ಮದುವೆಯಾದರೆ ಪ್ರೇಮವಿವಾಹ ಎನ್ನುತ್ತೇವೆ. ಇಬ್ಬರು ಹೆಣ್ಣುಮಕ್ಕಳು ಜೊತೆಗೆ ಬಾಳಿದರೆ ಸಲಿಂಗಕಾಮ. ಇದು ಅನ್ಯಾಯ.

'ಸಲಿಂಗಕಾಮಿ'ಯ ಹಿಂದಿರುವ 'ಹೋಮೋಸೆಕ್ಸುವಲ್' ಎಂಬ ಯುರೋಪಿನ ಪದವನ್ನು 1869ರಲ್ಲಿ ಅಚ್ಚಿಗೆ ತಂದ ಬರಹಗಾರ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಅದನ್ನು ಬಳಸಿದ್ದು ಪ್ರಷ್ಯಾದ ಶಿಕ್ಷೆಯ ಕಾನೂನನ್ನು ವಿರೋಧಿಸಲು. ಆಮೇಲೆ ವೈದ್ಯರು ಅದನ್ನು ರೋಗದ ಹೆಸರಾಗಿಸಿದರು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ಅದನ್ನು ಕೈಬಿಟ್ಟದ್ದು 1990ರಲ್ಲಿ.

ಕನ್ನಡದಲ್ಲಿ ಈ ಬದುಕಿಗೆ ಮನುಷ್ಯರ ಮುಖ ಕೊಟ್ಟವರು ಕಥೆಗಾರ ವಸುಧೇಂದ್ರ. 2013ರ 'ಮೋಹನಸ್ವಾಮಿ' ಕಥೆಗಳಲ್ಲಿ ಒಂಟಿತನ, ಅಂಜಿಕೆ, ಅಕ್ಕರೆ ಎಲ್ಲವೂ ಇವೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬರಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು.

ಇನ್ನೊಂದು ಗೊಂದಲವೂ ಇದೆ. ಸಲಿಂಗಪ್ರೇಮಿಗಳನ್ನೂ, ಹೆಣ್ಣೆಂದು ಬಾಳುವ ಮಂಗಳಮುಖಿಯರನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ನಾನು ಗಂಡೋ ಹೆಣ್ಣೋ ಎಂಬುದು ಲಿಂಗದ ಗುರುತು. ನನ್ನ ಮನಸ್ಸು ಯಾರ ಕಡೆ ವಾಲುತ್ತದೆ ಎಂಬುದು ಲೈಂಗಿಕ ಒಲವು. ಹುಡುಗನನ್ನು ಪ್ರೀತಿಸುವ ಹುಡುಗ ತಾನು ಗಂಡೆಂದೇ ಬಾಳುತ್ತಾನೆ.

ಸಮುದಾಯದೊಳಗೆ ಬೇರೆಯೇ ಮಾತುಗಳಿವೆ: ಹೆಣ್ಣಿನ ನಡೆ-ನುಡಿಯ ಗಂಡಸರು ತಮ್ಮನ್ನು 'ಕೋತಿ' ಎಂದುಕೊಳ್ಳುತ್ತಾರೆ, ಸಂಗಾತಿಯನ್ನು 'ಪಂತಿ' ಎನ್ನುತ್ತಾರೆ. ಮೈಸೂರಿನ ಆಶೋದಯ ಸಮಿತಿಯಂಥ ಸಂಘಟನೆಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ಜೊತೆಗೆ ಇಂಥ ಗಂಡಸರೂ ಮಂಗಳಮುಖಿಯರೂ ಸೇರಿ ದುಡಿದಿದ್ದಾರೆ. ತಮ್ಮ ನಡುವೆ ಸಲುಗೆಯಾದ 'ಕೋತಿ' ಎಂಬ ಪದ ಹೊರಗಿನವರ ಬಾಯಲ್ಲಿ ಬೈಗುಳವಾಗುತ್ತದೆ.

ಪತ್ರಿಕೆಗಳು 'ಸಲಿಂಗಪ್ರೇಮಿ' ಎಂದು ಬರೆಯಲಿ. 'ಗೇ', 'ಲೆಸ್ಬಿಯನ್' ಎಂದರೂ ಈಗ ಓದುಗರಿಗೆ ತಿಳಿಯುತ್ತದೆ. ನಿಮ್ಮ ಮಗನೋ ಮಗಳೋ ಗೆಳೆಯನೋ ತಮ್ಮ ಬಗ್ಗೆ ಹೇಳಿಕೊಂಡರೆ, ಅವರು ಆರಿಸಿಕೊಂಡ ಪದದಲ್ಲೇ ದಯವಿಟ್ಟು ಅವರನ್ನು ಕರೆಯಿರಿ.